ಊರಿನಿಂದ ಪೇಟೆಗೆ: ಕಾಸರಗೋಡು ದುಬೈಯನ್ನು ಆರಿಸಿಕೊಂಡ ಬಗೆ

2020ರ ಮಾರ್ಚ್ ಕೊನೆಯ ದಿನಗಳಲ್ಲಿ ಕೇರಳದಲ್ಲಿ ಅತಿ ಹೆಚ್ಚು ಕೋವಿಡ್ ಪ್ರಕರಣಗಳು ದಾಖಲಾದ ಜಿಲ್ಲೆ ರಾಜ್ಯದ ಉತ್ತರ ತುದಿಯ ಕಾಸರಗೋಡು. ಸೋಂಕು ತಗಲಿದವರ ಪ್ರಯಾಣದ ವಿವರಗಳನ್ನು ಒಂದೆಡೆ ಇರಿಸಿ ನೋಡಿದಾಗ ಒಂದು ಸಂಗತಿ ಬೇಗನೆ ಎದ್ದು ಕಂಡಿತು. ಹೊರದೇಶದಿಂದ ಮರಳಿದವರಲ್ಲಿ ಬಹುಪಾಲು ಮಂದಿ ದುಬೈಯಿಂದ ಬಂದವರು. ಅವರಲ್ಲಿಯೂ ಅನೇಕರು ಆ ನಗರದ ದೇರಾ ಭಾಗದ ನೈಫ್ ಎಂಬ ಒಂದೇ ಪೇಟೆಯಲ್ಲಿ ದುಡಿಯುತ್ತಿದ್ದವರು ಅಥವಾ ಅಲ್ಲಿನ ಕೋಣೆಗಳಲ್ಲಿ ವಾಸವಿದ್ದವರು. ಅದೇ ಅವಧಿಯಲ್ಲಿ ದುಬೈಯ ಆಡಳಿತವೂ ನೈಫ್ ಮತ್ತು ಅದರ ನೆರೆಯ ಅಲ್ ರಾಸ್ ಭಾಗಗಳಲ್ಲಿ ಜನಸಂಚಾರವನ್ನು ನಿರ್ಬಂಧಿಸಿತು. ಇತ್ತ ಕರ್ನಾಟಕವು ತಲಪಾಡಿಯ ಗಡಿಯನ್ನು ಮುಚ್ಚಿತು. ಒಳರಸ್ತೆಗಳಿಗೆ ಮಣ್ಣು ಸುರಿಯಲಾಯಿತು. ದೊಡ್ಡ ಕಾಯಿಲೆಗೆಲ್ಲ ಮಂಗಳೂರಿನ ಆಸ್ಪತ್ರೆಗಳನ್ನೇ ನಂಬಿಕೊಂಡಿದ್ದ ಗಡಿಭಾಗದ ರೋಗಿಗಳು ಇತ್ತಲೇ ಉಳಿಯಬೇಕಾಯಿತು. ವಿವಾದವು ಕೇರಳ ಹೈಕೋರ್ಟನ್ನು ಹಾದು ಸುಪ್ರೀಂ ಕೋರ್ಟನ್ನು ಮುಟ್ಟಿತು; ತುರ್ತು ರೋಗಿಗಳಿಗೆ ದಾರಿ ಬಿಡುವ ಬಗ್ಗೆ ಎರಡು ರಾಜ್ಯಗಳ ನಡುವೆ ಒಪ್ಪಿಗೆಯಾಗಿ ಪ್ರಕರಣ ಮುಗಿದದ್ದು ಏಪ್ರಿಲ್ 7ರಂದು.

ಒಂದು ಜಿಲ್ಲೆಯ ಬದುಕು ಯಾವ ಯಾವ ದಾರಿಗಳ ಮೇಲೆ ನಿಂತಿದೆ ಎಂಬುದನ್ನು ಆ ಎರಡು ವಾರಗಳು ಬಯಲಿಗಿಟ್ಟವು. ಅರಬ್ಬಿ ಸಮುದ್ರದ ಆಚೆಯ ಒಂದು ಪೇಟೆಯೊಂದಿಗೆ ಅದಕ್ಕೆ ದಿನನಿತ್ಯದ ನಂಟಿತ್ತು. 50 ಕಿಲೋಮೀಟರ್ ದೂರದ ಮಂಗಳೂರಿನೊಂದಿಗೆ ಜೀವನ್ಮರಣದ ನಂಟಿತ್ತು. ಅದು ಸೇರಿರುವ ರಾಜ್ಯದ ರಾಜಧಾನಿಯಾದರೋ 550 ಕಿಲೋಮೀಟರಿಗೂ ಹೆಚ್ಚು ದೂರದಲ್ಲಿತ್ತು. ಮೂರನೆಯದು 1956ರ ರಾಜ್ಯ ಪುನರ್‌ವಿಂಗಡಣೆಯ ಫಲವೆಂಬುದು ಎಲ್ಲರಿಗೂ ತಿಳಿದ ವಿಷಯ. ಮೊದಲನೆಯದು ಹೇಗೆ ಒದಗಿತು? ಹೊರನಾಡಿಗೆ ಹೊರಟ ಜನ ಜಗತ್ತಿನ ಅಷ್ಟು ನಗರಗಳಲ್ಲಿ ಇದೊಂದನ್ನೇ, ಅದರೊಳಗೂ ಇದೊಂದು ಪೇಟೆಯನ್ನೇ ಏಕೆ ಹಿಡಿದರು?

ಎಣ್ಣೆ ಎಂಬ ಉತ್ತರದ ಕೊರತೆ

ಈ ಪ್ರಶ್ನೆಗೆ ಸಾಮಾನ್ಯವಾಗಿ ಸಿಗುವ ಉತ್ತರ ಎಣ್ಣೆ. ಕೊಲ್ಲಿಯಲ್ಲಿ ಎಣ್ಣೆ ಸಿಕ್ಕಿತು, ಸಂಬಳ ಹೆಚ್ಚಿತು, ಜನ ಹೋದರು ಎಂಬುದು ಸರಳ ವಿವರಣೆ. ಕೊಲ್ಲಿ ಪ್ರದೇಶವನ್ನು ಒಂದೇ ಘಟಕವಾಗಿ ನೋಡಿದಾಗ ಇದು ಒಪ್ಪತಕ್ಕದ್ದೇ. ನಗರಗಳನ್ನು ಬಿಡಿಬಿಡಿಯಾಗಿ ನೋಡಿದಾಗ ಕಾಲಗಣನೆಯೇ ಇದಕ್ಕೆ ಅಡ್ಡ ಬರುತ್ತದೆ. ಬಹರೈನಿನಲ್ಲಿ ಎಣ್ಣೆ ದೊರೆತದ್ದು 1932ರಲ್ಲಿ. ಅಲ್ಲಿನ ಶುದ್ಧೀಕರಣ ಘಟಕ ಕೆಲಸ ಆರಂಭಿಸಿದ್ದು 1936ರಲ್ಲಿ. ಕುವೈತಿನ ಎಣ್ಣೆ 1946ರಲ್ಲಿ ಹಡಗೇರಿತು. ದುಬೈಯಲ್ಲಿ ಎಣ್ಣೆ ಪತ್ತೆಯಾದದ್ದು 1966ರಲ್ಲಿ, ರಫ್ತಾದದ್ದು 1969ರಲ್ಲಿ. ಅದೂ ನೆರೆಯ ಅಬುಧಾಬಿಗೆ ಹೋಲಿಸಿದರೆ ಅಲ್ಪ ಪ್ರಮಾಣದಲ್ಲಿ. ಕಾಸರಗೋಡು ಮತ್ತು ಮಲಬಾರಿನ ಕರಾವಳಿಯ ಯುವಕರು ಲಾಂಚುಗಳನ್ನೇರಿ ದುಬೈಯ ದಾರಿ ಹಿಡಿದದ್ದು ಇದಕ್ಕೂ ಮುಂಚೆ. ಎಣ್ಣೆಯೇ ಕಾರಣವಾಗಿದ್ದರೆ ಅವರು ಕುವೈತಿಗೆ ಹೋಗಬೇಕಾಗಿತ್ತು.

ವಲಸೆಯ ಅಧ್ಯಯನದ ಹಳೆಯ ಸೂತ್ರಗಳು ಇಲ್ಲಿ ಅರ್ಧದಾರಿಯವರೆಗೆ ನೆರವಾಗುತ್ತವೆ. 1885ರಲ್ಲಿ ರ‍್ಯಾವನ್‌ಸ್ಟೈನ್ ತನ್ನ ವಲಸೆಯ ನಿಯಮಗಳನ್ನು ಮಂಡಿಸುವಾಗ ಎರಡು ಮಾತು ಹೇಳಿದ್ದ: ಜನಸಂಚಲನ ಹೆಚ್ಚಾಗಿ ಹಂತಹಂತವಾಗಿ ನಡೆಯುತ್ತದೆ, ದೂರ ಹೋಗುವವರು ವ್ಯಾಪಾರ ಅಥವಾ ಕೈಗಾರಿಕೆಯ ದೊಡ್ಡ ಕೇಂದ್ರಗಳನ್ನೇ ಹುಡುಕುತ್ತಾರೆ. 1966ರಲ್ಲಿ ಎವರೆಟ್ ಲೀ ಹುಟ್ಟೂರಿನ ಒತ್ತಡ, ಸೇರುವ ಊರಿನ ಸೆಳೆತ, ನಡುವಣ ಅಡೆತಡೆ ಎಂದು ಕಾರಣಗಳನ್ನು ವಿಂಗಡಿಸಿದ. ಈ ನಡುವೆ, 1964ರಲ್ಲಿ, ಇಟಲಿಯಿಂದ ಅಮೆರಿಕಕ್ಕೆ ಹೋದವರನ್ನು ಅಧ್ಯಯನ ಮಾಡಿದ ಮ್ಯಾಕ್‌ಡೊನಾಲ್ಡ್ ದಂಪತಿಗಳು ಸರಪಳಿ ವಲಸೆ ಎಂಬ ಪರಿಕಲ್ಪನೆಯನ್ನು ವಿವರಿಸಿದರು. ಮೊದಲು ಹೋದವನು ಮುಂದಿನವನಿಗೆ ಕೆಲಸದ ಸುಳಿವು, ಪ್ರಯಾಣದ ಖರ್ಚು, ಮೊದಲ ರಾತ್ರಿಯ ಮಲಗುವ ಜಾಗ ಒದಗಿಸುತ್ತಾನೆ. ಹೀಗೆ ಒಂದು ಹಳ್ಳಿಯ ಜನ ದೂರದ ನಗರದ ಒಂದೇ ಬೀದಿಯಲ್ಲಿ ನೆಲೆಗೊಳ್ಳುತ್ತಾರೆ. ನೈಫ್ ಪೇಟೆಯ ಮಟ್ಟಿಗೆ ಸರಪಳಿಯ ವಿವರಣೆ ಸರಿಯೇ. ಆದರೆ ಸರಪಳಿಯ ಮೊದಲ ಕೊಂಡಿ ಯಾವ ಮೊಳೆಗೆ ಸಿಕ್ಕಿಕೊಂಡಿತು ಎಂಬುದನ್ನು ಅದು ಹೇಳಲಾರದು. ಅದಕ್ಕೆ ಆ ಎರಡು ಊರುಗಳ ಇತಿಹಾಸಕ್ಕೇ ಹೋಗಬೇಕು. ಅವೆರಡರ ನಡುವೆ ನಿಂತ ಮೂರನೆಯ ಊರಿನ ಇತಿಹಾಸಕ್ಕೂ ಹೋಗಬೇಕು. ಆ ಮೂರನೆಯದು ಬೊಂಬಾಯಿ.

ಬೊಂಬಾಯಿ ಎಂಬ ಪಡಸಾಲೆ

1956ಕ್ಕೆ ಮುಂಚೆ ಕಾಸರಗೋಡು ಮದರಾಸು ಪ್ರಾಂತದ ದಕ್ಷಿಣ ಕನ್ನಡ ಜಿಲ್ಲೆಯ ದಕ್ಷಿಣದ ತಾಲೂಕು. ಅದರ ಜಿಲ್ಲಾ ಕಚೇರಿ, ದೊಡ್ಡ ಮಾರುಕಟ್ಟೆ, ಕಾಲೇಜು ಎಲ್ಲವೂ ಮಂಗಳೂರಿನಲ್ಲಿದ್ದವು. 20ನೇ ಶತಮಾನದ ಮೊದಲ ದಶಕದಲ್ಲಿ ರೈಲು ಮಂಗಳೂರನ್ನು ತಲುಪಿದಾಗ ಅದು ಬಂದದ್ದು ದಕ್ಷಿಣದಿಂದ, ಶೊರನೂರು ಮತ್ತು ಕಾಸರಗೋಡಿನ ದಾರಿಯಾಗಿ. ಉತ್ತರಕ್ಕೆ ಕರಾವಳಿಯುದ್ದಕ್ಕೂ ರೈಲು ಓಡಲು 1998ರವರೆಗೆ, ಕೊಂಕಣ ರೈಲ್ವೆ ಪೂರ್ಣಗೊಳ್ಳುವವರೆಗೆ, ಕಾಯಬೇಕಾಯಿತು. ಅಷ್ಟಾದರೂ ಈ ಕರಾವಳಿಯ ಜನ ದುಡಿಮೆಗಾಗಿ ಮುಖಮಾಡಿದ್ದು ಬೊಂಬಾಯಿಯ ಕಡೆಗೆ. ಮೊದಲು ಕರಾವಳಿಯ ಹಡಗುಗಳಲ್ಲಿ, ಅನಂತರ ಮಂಗಳೂರಿನಿಂದ ಹೊರಡುವ ಬಸ್ಸುಗಳಲ್ಲಿ ತಲೆಮಾರುಗಳು ಅಲ್ಲಿಗೆ ಸಾಗಿದವು.

ಅವರೆಲ್ಲರೂ ಒಂದೇ ಬೊಂಬಾಯಿಗೆ ಹೋಗಲಿಲ್ಲ. ತುಳು ಮತ್ತು ಕನ್ನಡ ಮಾತಿನ ಹುಡುಗರು ಹೋಟೆಲುಗಳಲ್ಲಿ ಲೋಟ ತೊಳೆದು, ಕನ್ನಡ ರಾತ್ರಿಶಾಲೆಗಳಲ್ಲಿ ಓದಿ, ಮಾಣಿಯಿಂದ ಮಾಲಕನವರೆಗೆ ಏರಿದ ಕತೆ ಕನ್ನಡದ ಓದುಗರಿಗೆ ಪರಿಚಿತ. ಮಲಯಾಳ ಮತ್ತು ಬ್ಯಾರಿ ಮಾತಿನ ಮುಸ್ಲಿಮರು ಹೆಚ್ಚಾಗಿ ನೆಲೆ ಕಂಡದ್ದು ಬಂದರಿಗೆ ಹತ್ತಿರದ ಡೋಂಗ್ರಿ, ಕ್ರಾಫರ್ಡ್ ಮಾರುಕಟ್ಟೆಯ ಸುತ್ತಿನಲ್ಲಿ: ಚಹಾದಂಗಡಿ, ಸಣ್ಣ ವ್ಯಾಪಾರ, ಹಡಗುಗಳ ಕೆಲಸ. ಚಂದ್ರಗಿರಿ ನದಿಯ ಮುಖದಲ್ಲಿರುವ, ಮಾಲಿಕ್ ದೀನಾರ್ ಮಸೀದಿಗೂ ಕೈಹೊಲಿಗೆಯ ಟೊಪ್ಪಿಗಳಿಗೂ ಹೆಸರಾದ ತಳಂಗರೆಯಂಥ ಕರಾವಳಿ ನೆಲೆಗಳ ಜನಕ್ಕೆ ಕಡಲು ಹೊಸತಾಗಿರಲಿಲ್ಲ. ಬೊಂಬಾಯಿಯ ಬಂದರಿನಲ್ಲಿ ಅವರು ಕಂಡದ್ದು ಆ ಕಡಲಿನ ಇನ್ನೊಂದು ದಡಕ್ಕೆ ಹೊರಡುವ ಹಡಗುಗಳನ್ನು.

ಆ ಹಡಗುಗಳ ದಾರಿ ಆಗಲೇ ನೂರು ವರ್ಷಗಳಷ್ಟು ಹಳೆಯದು. ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಷನ್ ಕಂಪನಿ 1862ರಿಂದ ಬೊಂಬಾಯಿಯಿಂದ ಕರಾಚಿ, ಮಸ್ಕತ್ ಮಾರ್ಗವಾಗಿ ಬಸ್ರಾದವರೆಗೆ ಅಂಚೆಯ ಹಡಗುಗಳನ್ನು ನಡೆಸುತ್ತಿತ್ತು. 1961ರ ಏಪ್ರಿಲ್‌ನಲ್ಲಿ ಆ ಕಂಪನಿಯ ದಾರಾ ಎಂಬ ಹಡಗು ದುಬೈಯ ಸಮೀಪ ಸ್ಫೋಟಗೊಂಡು 238 ಮಂದಿ ಸತ್ತರು. ಆ ಸಾಲಿನ ಕೊನೆಯ ಹಡಗು ದ್ವಾರಕಾ 1982ರವರೆಗೂ ಓಡಿತು. ಬೊಂಬಾಯಿಯಲ್ಲಿ ಕೆಲಸಕ್ಕಿದ್ದವನಿಗೆ ದುಬೈ ಎಂಬುದು ಭೂಪಟದ ಮೇಲಿನ ಅಪರಿಚಿತ ಹೆಸರಲ್ಲ. ಮೀನುಗಟ್ಟೆಯ ಪಕ್ಕದ ಹಡಗುಕಟ್ಟೆಯಲ್ಲಿ ದಿನವೂ ಕೇಳಿಬರುವ ಒಂದು ನಿಲುಗಡೆಯ ಹೆಸರು. ರ‍್ಯಾವನ್‌ಸ್ಟೈನ್ ಹೇಳಿದ ಹಂತ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಕಾಸರಗೋಡಿನವನು ಕಾಸರಗೋಡಿನಲ್ಲಿ ಕುಳಿತು ದುಬೈಯನ್ನು ಆರಿಸಲಿಲ್ಲ. ಬೊಂಬಾಯಿಯಲ್ಲಿ ನಿಂತು ಆರಿಸಿದ.

ಬೊಂಬಾಯಿ ಇನ್ನೊಂದು ಸಾಧನವನ್ನೂ ಕೊಟ್ಟಿತು, ಅದು ಹಿಂದೂಸ್ತಾನಿ ಮಾತು. ಸಿಂಧಿ, ಬಲೂಚಿ, ಇರಾನಿ, ಗುಜರಾತಿ ವ್ಯಾಪಾರಿಗಳು ಸೇರಿದ್ದ ದುಬೈಯ ಪೇಟೆಯಲ್ಲಿ ಕೊಡುಕೊಳ್ಳುವಿಕೆಗೆ ಅರಬ್ಬಿಯಷ್ಟೇ ಈ ಮಾತು ಬೇಕಾಗಿತ್ತು. ತನ್ನ ಊರಿನಲ್ಲಿಯೇ ಮೂರು ನಾಲ್ಕು ಭಾಷೆಗಳ ನಡುವೆ ಬೆಳೆದು, ಬೊಂಬಾಯಿಯಲ್ಲಿ ಐದನೆಯದನ್ನು ಕಲಿತವನಿಗೆ ಆ ಪೇಟೆ ಪರಕೀಯವೆನಿಸುವ ಕಾರಣವಿರಲಿಲ್ಲ.

ವ್ಯಾಪಾರಿಗಳ ನಗರ

ದುಬೈಯ ಕಡೆಯಿಂದ ನೋಡಿದರೂ ಈ ನಂಟಿಗೆ ಸಿದ್ಧತೆ ಮೊದಲೇ ಆಗಿತ್ತು. 20ನೇ ಶತಮಾನದ ಆದಿಯಲ್ಲಿ ಪರ್ಷಿಯದ ಲಿಂಗೆ ಬಂದರಿನಲ್ಲಿ ಸುಂಕದ ಆಡಳಿತ ಬಿಗಿಯಾದಾಗ ದುಬೈಯ ಶೇಖ್ ತನ್ನ ಬಂದರಿನ ಸುಂಕವನ್ನು ತೆಗೆದುಹಾಕಿ ಅಲ್ಲಿನ ವರ್ತಕರನ್ನು ಬರಮಾಡಿಕೊಂಡ. ಅದೇ ದಶಕದಲ್ಲಿ ಬೊಂಬಾಯಿಯ ಹಡಗುಗಳು ಅಲ್ಲಿ ಲಂಗರು ಹಾಕತೊಡಗಿದವು. ಕೊಲ್ಲಿಯ ಮುತ್ತಿಗೆ ಬೊಂಬಾಯಿಯೇ ಮುಖ್ಯ ಮಾರುಕಟ್ಟೆ. ಮುತ್ತಿಗೆ ಪ್ರತಿಯಾಗಿ ಅಕ್ಕಿ, ಬಟ್ಟೆ, ಮರ, ಸಕ್ಕರೆ ಅಲ್ಲಿಂದ ಬರುತ್ತಿದ್ದವು. 1909ರಿಂದ 1947ರವರೆಗೆ ದುಬೈಯಲ್ಲಿ ಇದ್ದದ್ದು ಭಾರತದ ಅಂಚೆ ಕಚೇರಿ. ಚಲಾವಣೆಯಲ್ಲಿದ್ದುದು ಭಾರತದ ರೂಪಾಯಿ; 1959ರಲ್ಲಿ ರಿಸರ್ವ್ ಬ್ಯಾಂಕ್ ಕೊಲ್ಲಿಗಾಗಿಯೇ ಪ್ರತ್ಯೇಕ ನೋಟುಗಳನ್ನು ಹೊರಡಿಸಿತು. 1966ರ ಜೂನ್‌ನಲ್ಲಿ ರೂಪಾಯಿಯ ಅಪಮೌಲ್ಯವಾದ ಮೇಲೆ ಮಾತ್ರ ದುಬೈ ಅದನ್ನು ಕೈಬಿಟ್ಟಿತು. ಮೊದಲ ಕಾಲದ ವಲಸಿಗ ಕಾಲಿಟ್ಟದ್ದು ತನ್ನ ಜೇಬಿನ ಹಣ ನಡೆಯುವ ಬಗೆಯ ಊರಿಗೆ.

ಕೃತಕವಾಗಿ ಬೆಳೆಸಿದ ಮುತ್ತು ಜಪಾನಿನಿಂದ ಬಂದಾಗ, 1930ರ ದಶಕದಲ್ಲಿ, ಕೊಲ್ಲಿಯ ಮುತ್ತಿನ ವ್ಯಾಪಾರ ಕುಸಿಯಿತು. ಎಣ್ಣೆಯಿಲ್ಲದ ದುಬೈ ಮರುರಫ್ತಿನ ವ್ಯಾಪಾರವನ್ನು ಹಿಡಿಯಿತು. 1958ರಲ್ಲಿ ಅಧಿಕಾರಕ್ಕೆ ಬಂದ ಶೇಖ್ ರಾಶಿದ್ ಸಾಲ ಎತ್ತಿ ಖಾರಿಯ ಹೂಳು ತೆಗೆಸಿದ. ದೊಡ್ಡ ದೋಣಿಗಳು ಪೇಟೆಯ ನಡುವಿನವರೆಗೆ ಬರುವಂತಾಯಿತು. ಭಾರತದ ಕಾನೂನುಗಳೂ ಅರಿವಿಲ್ಲದೆ ಆ ಪೇಟೆಗೆ ನೆರವಾದವು. ಸ್ವಾತಂತ್ರ್ಯದ ನಂತರ ಚಿನ್ನದ ಆಮದಿಗೆ ನಿಷೇಧ, 1963ರಲ್ಲಿ ಚಿನ್ನ ನಿಯಂತ್ರಣದ ನಿಯಮಗಳು, 1968ರಲ್ಲಿ ಕಾಯಿದೆ: ಇವುಗಳಿಂದ ಭಾರತದೊಳಗಿನ ಚಿನ್ನದ ಬೆಲೆ ಹೊರಗಿನ ಬೆಲೆಗಿಂತ ಬಹಳ ಮೇಲಕ್ಕೇರಿತು. ದುಬೈಯಲ್ಲಿ ಚಿನ್ನ ಕೊಳ್ಳುವುದು ಕಾನೂನುಬದ್ಧ. ಅದು ಭಾರತದ ಪಶ್ಚಿಮ ಕರಾವಳಿಗೆ ಬಂದಿಳಿಯುವುದು ಮಾತ್ರ ಅಪರಾಧ. 1990ರಲ್ಲಿ ಆ ಕಾಯಿದೆ ರದ್ದಾಗುವವರೆಗೆ ಚಿನ್ನ, ಕೈಗಡಿಯಾರ, ವಿದೇಶಿ ಬಟ್ಟೆಗಳ ಈ ವ್ಯಾಪಾರ ಕೊಲ್ಲಿಯ ಒಂದು ಖಾರಿಯನ್ನು ಇಡೀ ಪಶ್ಚಿಮ ಕರಾವಳಿಯೊಂದಿಗೆ ಹೊಲಿದಿಟ್ಟಿತ್ತು. ಹಡಗಿಗೆ ಸರಕು ತುಂಬಿದವನು, ಗಂಟು ಹೊತ್ತವನು, ಗಡಿಯಾರ ಮಾರಿದವನು, ಇವರೆಲ್ಲರಿಗೆ ಊಟ ಬಡಿಸಿದವನು ಎಲ್ಲರೂ ಅದರ ಹೊಲಿಗೆಯ ಎಳೆಗಳೇ. 1968ರ ಜನಗಣತಿಯಲ್ಲಿ ದುಬೈಯ ಜನಸಂಖ್ಯೆ ಸುಮಾರು 59,000. ಅಂದರೆ ಅದಿನ್ನೂ ಮುಖಪರಿಚಯದಿಂದ ಕೆಲಸ ಸಿಗುವಷ್ಟು ಸಣ್ಣ ಊರು.

ಲಾಂಚಿನ ದಾರಿ

ಹಡಗಿನ ದಾರಿ ಎಲ್ಲರಿಗೂ ತೆರೆದಿರಲಿಲ್ಲ. 1967ರವರೆಗೆ ಭಾರತದಲ್ಲಿ ಪಾಸ್‌ಪೋರ್ಟ್ ಕೊಡುವುದು ಬಿಡುವುದು ಸರ್ಕಾರದ ವಿವೇಚನೆಗೆ ಬಿಟ್ಟ ವಿಷಯವಾಗಿತ್ತು. ಹೊರದೇಶಕ್ಕೆ ಹೋಗುವುದು ವ್ಯಕ್ತಿಸ್ವಾತಂತ್ರ್ಯದ ಭಾಗವೆಂದು ಆ ವರ್ಷ ಸುಪ್ರೀಂ ಕೋರ್ಟ್ ತೀರ್ಪಿತ್ತ ಮೇಲೆಯೇ ಪಾಸ್‌ಪೋರ್ಟ್ ಕಾಯಿದೆ ಬಂದದ್ದು. ಅತ್ತ 1971ರವರೆಗೆ ದುಬೈಯ ಪ್ರವೇಶಪತ್ರಗಳು ಬ್ರಿಟಿಷರ ಕೈಯಲ್ಲಿದ್ದವು. ಓದು ಕಡಿಮೆಯಿದ್ದು, ಶಿಫಾರಸು ಮಾಡುವವರಿಲ್ಲದ ಯುವಕನಿಗೆ ಉಳಿದದ್ದು ಲಾಂಚು. ಮಲಬಾರಿನಿಂದಲೂ ಬೊಂಬಾಯಿಯಿಂದಲೂ ಹೊರಟ ಈ ಮರದ ದೋಣಿಗಳು ಜನರನ್ನು ಇಳಿಸುತ್ತಿದ್ದುದು ದುಬೈಯ ಬಂದರಿನಲ್ಲಲ್ಲ. ಒಮಾನ್ ಕೊಲ್ಲಿಯ ಕಡೆಗಿರುವ, ಶಾರ್ಜಾಕ್ಕೆ ಸೇರಿದ ಖೋರ್‌ಫಕ್ಕಾನಿನ ಬಂಡೆಗಳ ಬಳಿ. ದಡ ಕಾಣುವಲ್ಲಿ ದೋಣಿ ನಿಲ್ಲುತ್ತಿತ್ತು, ಮುಂದಿನದು ಈಜು. ಈಜಿ ದಡ ಸೇರಿದವನ ಮುಂದೆ ಹಜರ್ ಬೆಟ್ಟಸಾಲು, ಅದರಾಚೆ ದುಬೈ. ಮುಳುಗಿದವರ ಲೆಕ್ಕ ಇಟ್ಟವರಿಲ್ಲ. ಮಲಯಾಳದ ಜನನೆನಪಿನಲ್ಲಿ ಖೋರ್‌ಫಕ್ಕಾನಿನ ಬಂಡೆಗೆ ಇಂದಿಗೂ ಒಂದು ಸ್ಥಾನವಿದೆ.

ಈ ದಾರಿಯ ಒಂದು ಗುಣವನ್ನು ಗಮನಿಸಬೇಕು. ದಾಖಲೆಯಿಲ್ಲದೆ ಬಂದವನಿಗೆ ಕಂಪನಿಯ ಕೆಲಸ ಸಿಗದು. ಸಿಗುವುದು ಪೇಟೆಯ ಕೆಲಸ. ಪೇಟೆಯಲ್ಲಿಯೂ ಅವನನ್ನು ಮೊದಲ ರಾತ್ರಿ ಒಳಗೆ ಕರೆದುಕೊಳ್ಳುವವರು ಊರಿನವರೇ ಆಗಿರಬೇಕು. ಹೀಗೆ ಪ್ರಯಾಣದ ಅಪಾಯವೇ ಅವನನ್ನು ನಗರದ ಒಂದು ನಿರ್ದಿಷ್ಟ ಮೂಲೆಗೆ ತಲುಪಿಸುತ್ತಿತ್ತು.

ಒಂದೇ ಕರಾವಳಿ, ಬೇರೆ ಬೇರೆ ನಗರಗಳು

ಇದೇ ಕರಾವಳಿಯ ಬೇರೆ ಸಮುದಾಯಗಳನ್ನು ಹೋಲಿಸಿ ನೋಡಿದರೆ ಈ ಮಾತು ಇನ್ನಷ್ಟು ಸ್ಪಷ್ಟವಾಗುತ್ತದೆ. ಮಂಗಳೂರಿನ ಕ್ಯಾಥೊಲಿಕರಲ್ಲಿ ಇಂಗ್ಲಿಷ್ ಶಿಕ್ಷಣ ಬೇಗನೆ ಹರಡಿತ್ತು. ಸಂತ ಅಲೋಶಿಯಸ್ ಕಾಲೇಜು 1880ರಷ್ಟು ಹಳೆಯದು. ಗೋವಾದವರಂತೆ ಅವರೂ ಬೊಂಬಾಯಿಯಲ್ಲಿ ಗುಮಾಸ್ತರು, ಬೆರಳಚ್ಚುಗಾರರು, ಲೆಕ್ಕಿಗರು ಆದರು. ಎಣ್ಣೆಯ ಕಂಪನಿಗಳು ಬೊಂಬಾಯಿಯಲ್ಲಿ ಜನರನ್ನು ಆರಿಸತೊಡಗಿದಾಗ ಅವರಿಗೆ ಬೇಕಾದದ್ದು ಇದೇ ವಿದ್ಯೆ. ಆದ್ದರಿಂದ ಅವರ ಮೊದಲ ವಿದೇಶಿ ನಗರಗಳು ಅಬಾದಾನ್, ಬಹರೈನ್, ಕುವೈತ್. ಭಟ್ಕಳದ ನವಾಯತರು ಮದರಾಸು, ಕೊಲಂಬೊ ಮುಂತಾದೆಡೆ ಬಟ್ಟೆಯ ವ್ಯಾಪಾರದಲ್ಲಿ ಪಳಗಿದ್ದವರು. ಅವರು ಮುಂದೆ ದುಬೈಗೆ ಬಂದದ್ದು ವರ್ತಕರಾಗಿ. ಕಾಸರಗೋಡಿನ ಭೂಹಿಡುವಳಿಯಿದ್ದ ಕನ್ನಡ ಮತ್ತು ತುಳು ಮನೆತನಗಳ ದಾರಿ ಮತ್ತೂ ಬೇರೆ. 1970ರ ಜನವರಿ 1ರಿಂದ ಕೇರಳದ ಭೂಸುಧಾರಣೆ ಜಾರಿಗೆ ಬಂದು ಗೇಣಿಯ ಭೂಮಿ ಒಕ್ಕಲಿನ ಪಾಲಾದಾಗ ಈ ಮನೆತನಗಳ ಮುಂದಿನ ಪೀಳಿಗೆ ಓದಿನ ಮೂಲಕ ಮಂಗಳೂರು, ಬೆಂಗಳೂರು, ಮುಂಬಯಿಗಳಿಗೆ ಸಾಗಿತು. ಅವರ ಮಕ್ಕಳು ಅಲ್ಲಿಂದ ಪಶ್ಚಿಮದ ದೇಶಗಳಿಗೆ ಹೋದರು.

ಅಂದರೆ ಒಂದೇ ತಾಲೂಕಿನ, ಕೆಲವೊಮ್ಮೆ ಒಂದೇ ಗ್ರಾಮದ ಮೂರು ಮನೆಗಳಿಗೆ ಮೂರು ವಿದೇಶಗಳಿದ್ದವು. ಕೈಗೆ ಬಂದ ವಿದ್ಯೆ, ಬೊಂಬಾಯಿಯಲ್ಲಿ ಹಿಡಿದ ಕೆಲಸ, ಬೆನ್ನಿಗಿದ್ದ ನಂಟರು, ಇವು ಸೇರಿ ನಗರವನ್ನು ನಿರ್ಧರಿಸಿದವು. ಆ ನಿರ್ಧಾರದ ಫಲವೂ ಒಂದೇ ಆಗಿರಲಿಲ್ಲ. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದಾಗ ಅಲ್ಲಿದ್ದ ಭಾರತೀಯರು ಒಂದೂವರೆ ಲಕ್ಷಕ್ಕೂ ಮಿಕ್ಕಿ ಮಂದಿ ಉಳಿತಾಯವನ್ನೂ ಸಾಮಾನುಗಳನ್ನೂ ಬಿಟ್ಟು ವಿಮಾನ ಹತ್ತಿದರು. ಅದೇ ವಾರ ದುಬೈಯ ಅಂಗಡಿಗಳು ತೆರೆದೇ ಇದ್ದವು. ಎರಡು ತಲೆಮಾರು ಹಿಂದೆ ಯಾರೋ ಕಲಿತ ಬೆರಳಚ್ಚು, ಯಾರೋ ಇಟ್ಟ ಚಹಾದಂಗಡಿ ಎಷ್ಟು ದೂರದವರೆಗೆ ಕೈಚಾಚಬಲ್ಲವೆಂಬುದಕ್ಕೆ ಇದು ನಿದರ್ಶನ.

ಪೇಟೆಯ ಒಳಗಿನ ವ್ಯವಸ್ಥೆ

ನೈಫ್ ಒಂದು ಕೋಟೆಯ ಹೆಸರು. 1939ರಲ್ಲಿ ಕಟ್ಟಿದ ಆ ಕೋಟೆಯಲ್ಲಿಯೇ 1956ರಲ್ಲಿ ದುಬೈ ಪೊಲೀಸ್ ಪಡೆ ಆರಂಭವಾಯಿತು. ಅದರ ಸುತ್ತ ಬೆಳೆದ ಪೇಟೆಯಲ್ಲಿ ಬಟ್ಟೆ, ಪಾದರಕ್ಷೆ, ಸುಗಂಧ, ಆಟಿಕೆ, ಗೃಹೋಪಯೋಗಿ ವಸ್ತುಗಳ ಸಣ್ಣ ಸಣ್ಣ ಅಂಗಡಿಗಳು. ಇಂಥ ಅಂಗಡಿಗೆ ದೊಡ್ಡ ಬಂಡವಾಳ ಬೇಡ. ನಂಬಿಕೆಯ ಬಂಡವಾಳ ಬೇಕು. ಸ್ಥಳೀಯ ಪ್ರಾಯೋಜಕನ ಹೆಸರಿನಲ್ಲಿ ಪರವಾನಗಿ, ಇಬ್ಬರು ಮೂವರ ಪಾಲುದಾರಿಕೆ, ಸಗಟು ವ್ಯಾಪಾರಿಯಿಂದ ಸಾಲದ ಸರಕು. ಇಷ್ಟಾದರೆ ಅಂಗಡಿ ತೆರೆಯಿತು. ಗಲ್ಲೆಯಲ್ಲಿ ಕೂರಲು ಮೋಸ ಮಾಡದವನು ಬೇಕು. ಅವನು ತಮ್ಮ, ಅಳಿಯ, ಇಲ್ಲವೇ ನೆರೆಮನೆಯ ಹುಡುಗ. ಅವನ ವೀಸಾ ಅಂಗಡಿಯ ಹೆಸರಿನಲ್ಲಿ, ಹಾಸಿಗೆ ಮಹಡಿಯ ಕೋಣೆಯಲ್ಲಿ, ಊಟ ಪಾಲುಗಾರಿಕೆಯ ಮೆಸ್ಸಿನಲ್ಲಿ. ಆರೇಳು ವರ್ಷಗಳಲ್ಲಿ ಆ ಹುಡುಗ ತಾನೇ ಪಾಲುದಾರನಾಗಿ ಇನ್ನೊಬ್ಬನನ್ನು ಕರೆಸುತ್ತಾನೆ. ದುಡ್ಡು ಹುಂಡಿಯ ಮೂಲಕವೋ ಬ್ಯಾಂಕಿನ ಮೂಲಕವೋ ಊರಿಗೆ ತಲುಪುತ್ತದೆ. ಅದರ ಹಿಂದೆಯೇ ಖಾಲಿಯಿರುವ ಕೆಲಸಗಳ ಸುದ್ದಿಯೂ. 2008ರಲ್ಲಿ ನೈಫ್‌ನ ಹಳೆಯ ಸೂಕ್ ಬೆಂಕಿಗೆ ಆಹುತಿಯಾದಾಗ ಕಳವಳ ಹಬ್ಬಿದ್ದು ದುಬೈಯಲ್ಲಿ ಎಷ್ಟೋ ಕಾಸರಗೋಡಿನ ಮನೆಗಳಲ್ಲಿಯೂ ಅಷ್ಟೇ. ಪೇಟೆ ಮತ್ತೆ ಕಟ್ಟಲ್ಪಟ್ಟಿತು, ಅಂಗಡಿಗಳೂ ಮರಳಿದವು.

ಇದಕ್ಕೆ ಇನ್ನೊಂದು ಮುಖವಿದೆ. ಈ ನಗರ ಬಂದವರಿಗೆ ಸಾಮಾನ್ಯವಾಗಿ ಪೌರತ್ವ ಕೊಡುವುದಿಲ್ಲ. ಇಂಗ್ಲೆಂಡಿಗೋ ಕೆನಡಕ್ಕೋ ಹೋದವರ ಸರಪಳಿ ಮೂರನೆಯ ತಲೆಮಾರಿಗೆ ಅಲ್ಲಿಯೇ ಬೇರುಬಿಟ್ಟು ಹುಟ್ಟೂರಿನಿಂದ ಕಳಚಿಕೊಳ್ಳಬಹುದು. ದುಬೈಯ ಸರಪಳಿ ಹಾಗೆ ಕಳಚುವುದಿಲ್ಲ. ಹೋದವನು ಮರಳಲೇಬೇಕು, ಆದ್ದರಿಂದ ಮನೆ ಊರಿನಲ್ಲಿಯೇ ಕಟ್ಟಬೇಕು, ಮರಳಿದವನ ಜಾಗಕ್ಕೆ ಮತ್ತೊಬ್ಬನನ್ನು ಕಳಿಸಬೇಕು. 1998ರಲ್ಲಿ ತಿರುವನಂತಪುರದ ಸೆಂಟರ್ ಫಾರ್ ಡೆವಲಪ್‌ಮೆಂಟ್ ಸ್ಟಡೀಸ್ ನಡೆಸಿದ ಕೇರಳ ವಲಸೆ ಸಮೀಕ್ಷೆ ರಾಜ್ಯದಿಂದ ಹೊರದೇಶದಲ್ಲಿದ್ದವರನ್ನು ಸುಮಾರು 13.6 ಲಕ್ಷವೆಂದು ಅಂದಾಜಿಸಿತು. ಅವರಲ್ಲಿ ಬಹುಪಾಲು ಕೊಲ್ಲಿಯ ದೇಶಗಳಲ್ಲಿದ್ದರು. ಇಷ್ಟು ದೊಡ್ಡ ಜನಸಮೂಹ ನೆಲೆಯೂರದೆ ತಲೆಮಾರುಗಟ್ಟಲೆ ಹೋಗಿ ಬಂದು ಮಾಡುತ್ತಿದ್ದರೆ, ದೂರದ ನಗರದ ಪರಿಣಾಮಗಳೆಲ್ಲ ಹುಟ್ಟೂರಿನ ಮೇಲೆಯೇ ಬೀಳುತ್ತವೆ. ಅವುಗಳಲ್ಲಿ ಭಾಷೆಯೂ ಒಂದು.

ಗಲ್ಲೆಯ ಮುಂದಿನ ಭಾಷೆ

ಕಾಸರಗೋಡಿನ ಕನ್ನಡದ ಚರ್ಚೆ ಸಹಜವಾಗಿಯೇ ಶಾಲೆ, ಕಚೇರಿ, ಕಾಯಿದೆಗಳ ಸುತ್ತ ನಡೆದಿದೆ. ಚಂದ್ರಗಿರಿಯ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕೆಂಬ ಮಹಾಜನ ಆಯೋಗದ 1967ರ ಶಿಫಾರಸು, ಅದು ಜಾರಿಯಾಗದೆ ಉಳಿದದ್ದು, ಕನ್ನಡ ಶಾಲೆಗಳಿಗೆ ಶಿಕ್ಷಕರ ನೇಮಕ, ಮಲಯಾಳ ಕಡ್ಡಾಯ ಕಲಿಕೆಯ 2017ರ ಕಾಯಿದೆ: ಇವು ಆ ಚರ್ಚೆಯ ಮೈಲುಗಲ್ಲುಗಳು. ಇವುಗಳ ಮಹತ್ವವನ್ನು ಅಲ್ಲಗಳೆಯದೆ ಒಂದು ಪ್ರಶ್ನೆಯನ್ನು ಸೇರಿಸಬಹುದು. ಊರಿನ ಹುಡುಗ ಹೋಗಿ ಸೇರುವ ನಗರದಲ್ಲಿ ಯಾವ ಭಾಷೆಗೆ ಕೆಲಸವಿದೆ?

ವಲಸೆಯ ಗುರಿ ಬೊಂಬಾಯಿಯಾಗಿದ್ದಾಗ ಈ ಪ್ರಶ್ನೆಗೆ ಕನ್ನಡದ ಮಟ್ಟಿಗೆ ಭರವಸೆಯ ಉತ್ತರವಿತ್ತು. ಅಲ್ಲಿ ಕನ್ನಡ ರಾತ್ರಿಶಾಲೆಗಳಿದ್ದವು, ಕನ್ನಡ ಸಂಘಗಳಿದ್ದವು, ಯಕ್ಷಗಾನದ ಮೇಳಗಳಿದ್ದವು, ಹೋಟೆಲಿನ ಮಾಲಕ ಕನ್ನಡದಲ್ಲಿ ಪತ್ರ ಬರೆಯುತ್ತಿದ್ದ. ಮಂಜೇಶ್ವರ, ಕುಂಬಳೆಗಳಲ್ಲಿ ಮನೆಮಾತು ತುಳುವೋ ಬ್ಯಾರಿಯೋ ಆಗಿದ್ದ ಹುಡುಗನಿಗೂ ಶಾಲೆಯಲ್ಲಿ ಕಲಿತ ಕನ್ನಡದ ಅಕ್ಷರ ಅಲ್ಲಿ ನಡೆಯುವ ನಾಣ್ಯವಾಗಿತ್ತು. ದುಬೈಯ ಪೇಟೆಯಲ್ಲಿ ಪರಿಸ್ಥಿತಿ ಬೇರೆ. ಗಿರಾಕಿಯೊಂದಿಗೆ ಹಿಂದಿ ಅಥವಾ ಅರಬ್ಬಿ; ಸಹೋದ್ಯೋಗಿ, ಸಗಟು ವ್ಯಾಪಾರಿ, ಮೆಸ್ಸಿನ ಅಡುಗೆಯವ, ಟಿಕೆಟ್ಟಿನ ಏಜೆಂಟ ಇವರೊಂದಿಗೆ ಮಲಯಾಳ. ಕೊಲ್ಲಿಯಲ್ಲಿ ಮಲಯಾಳ ದಿನಪತ್ರಿಕೆಗಳು ಅಚ್ಚಾಗುತ್ತವೆ, ಮಲಯಾಳ ರೇಡಿಯೊ ಕೇಳಿಸುತ್ತದೆ. ಕನ್ನಡ ಸಂಘಗಳೂ ತುಳು ನಾಟಕಗಳೂ ಯಕ್ಷಗಾನವೂ ದುಬೈಯಲ್ಲಿ ಇಲ್ಲವೆಂದಲ್ಲ. ವಾರದ ಬಿಡುವಿನಲ್ಲಿ ಮಕ್ಕಳಿಗೆ ಉಚಿತವಾಗಿ ಕನ್ನಡ ಕಲಿಸುವ ಉತ್ಸಾಹಿಗಳೂ ಇದ್ದಾರೆ. ಆದರೆ ಅವು ಹಬ್ಬದ ದಿನದ, ರಜೆಯ ದಿನದ ಕನ್ನಡ, ದುಡಿಮೆಯ ದಿನದ್ದಲ್ಲ.

ಹೀಗೆ ಗಡಿನಾಡಿನ ಹುಡುಗನಿಗೆ ಮಲಯಾಳ ಎರಡು ದಿಕ್ಕಿನಿಂದ ಬಂತು. ಒಂದು ತಿರುವನಂತಪುರದಿಂದ, ಸರ್ಕಾರಿ ಆದೇಶದ ರೂಪದಲ್ಲಿ. ಅದನ್ನು ಜನ ಕಂಡರು, ಪ್ರತಿಭಟಿಸಿದರು. ಇನ್ನೊಂದು ದುಬೈಯಿಂದ, ಅನ್ನದ ರೂಪದಲ್ಲಿ. ಅದನ್ನು ಯಾರೂ ಪ್ರತಿಭಟಿಸಲಿಲ್ಲ, ಪ್ರತಿಭಟಿಸಲು ಕಾರಣವೂ ಇರಲಿಲ್ಲ. ಮರಳಿ ಬಂದ ಕುಟುಂಬ ಮಕ್ಕಳನ್ನು ಸೇರಿಸುವುದು ಇಂಗ್ಲಿಷ್ ಮಾಧ್ಯಮಕ್ಕೆ. ಏಕೆಂದರೆ ಆ ಮಕ್ಕಳೂ ನಾಳೆ ಹೊರಡಬೇಕಾದವರು. ಕನ್ನಡ ಶಾಲೆಯ ಬೆಂಚು ಖಾಲಿಯಾಗುವುದರ ಹಿಂದೆ ಕಚೇರಿಯ ಉದಾಸೀನವಷ್ಟೇ ಅಲ್ಲ, ಆರಿಸಿಕೊಂಡ ನಗರವೂ ಇದೆ. ಅಲ್ಪಸಂಖ್ಯಾತ ಭಾಷೆಯೊಂದರ ಸ್ಥಿತಿಯನ್ನು ರಾಜ್ಯದ ಎಲ್ಲೆಯೊಳಗೆ ಮಾತ್ರ ಅಳೆಯುವ ಅಧ್ಯಯನಕ್ಕೆ ಈ ಎರಡನೆಯ ದಿಕ್ಕು ಕಾಣಿಸುವುದಿಲ್ಲ.

ವಿಮಾನ ನಿಲ್ದಾಣಗಳ ಭೂಗೋಲ

ಕೊಲ್ಲಿಗೆ ನೇರ ವಿಮಾನಗಳು ಬಂದ ಮೇಲೆ ಬೊಂಬಾಯಿಯ ಪಡಸಾಲೆಯ ಅಗತ್ಯ ತಪ್ಪಿತು. 1988ರಲ್ಲಿ ಕೋಯಿಕ್ಕೋಡಿನ ಬಳಿ ಕರಿಪ್ಪೂರು ನಿಲ್ದಾಣ ತೆರೆಯಿತು. ಮಂಗಳೂರಿನ ಬಜ್ಪೆ ನಿಲ್ದಾಣ 1951ರಷ್ಟು ಹಳೆಯದಾದರೂ ಅಲ್ಲಿಂದ ದುಬೈಗೆ ನೇರ ವಿಮಾನ ಹಾರಿದ್ದು 2006ರಲ್ಲಿ. ಕಾಸರಗೋಡಿನವರಿಗೆ ಅದು ಅತಿ ಹತ್ತಿರದ ನಿಲ್ದಾಣವಾಯಿತು. ರಾಜ್ಯದ ಗಡಿ ದಾಟಿ ವಿಮಾನ ಹತ್ತುವುದು ವಾಡಿಕೆಯಾಯಿತು. 2010ರ ಮೇ 22ರಂದು ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಬಜ್ಪೆಯಲ್ಲಿ ಓಡುದಾರಿ ಮೀರಿ ಕಣಿವೆಗೆ ಬಿದ್ದು 158 ಮಂದಿ ಸತ್ತಾಗ ಅವರಲ್ಲಿ ದಕ್ಷಿಣ ಕನ್ನಡದವರ ಜೊತೆಗೆ ಕಾಸರಗೋಡಿನವರೂ ದೊಡ್ಡ ಸಂಖ್ಯೆಯಲ್ಲಿದ್ದರು. ಹೊರಟದ್ದು ದುಬೈಯಿಂದ, ದುರಂತ ನಡೆದದ್ದು ಕರ್ನಾಟಕದಲ್ಲಿ, ದೇಹಗಳ ಗುರುತು ಹಿಡಿದದ್ದು ಮಂಗಳೂರಿನ ಆಸ್ಪತ್ರೆಗಳಲ್ಲಿ, ಪರಿಹಾರದ ಮೊತ್ತದ ಬಗ್ಗೆ ಕಾಸರಗೋಡಿನ ಒಂದು ಕುಟುಂಬ ಮೊರೆಹೋದದ್ದು ಕೊಚ್ಚಿಯಲ್ಲಿರುವ ಕೇರಳ ಹೈಕೋರ್ಟಿಗೆ. ಗಡಿನಾಡಿನವನ ಬದುಕಿನ ಪೂರ್ತಿ ಭೂಪಟ ಈ ನಾಲ್ಕು ಸ್ಥಳಗಳಲ್ಲಿದೆ.

2018ರ ಡಿಸೆಂಬರ್‌ನಲ್ಲಿ ಕಣ್ಣೂರಿನ ವಿಮಾನ ನಿಲ್ದಾಣ ಆರಂಭವಾಯಿತು. ಜಿಲ್ಲೆಯ ದಕ್ಷಿಣದ ಕಾಞಂಗಾಡು, ನೀಲೇಶ್ವರಗಳವರಿಗೆ ದಾರಿ ದಕ್ಷಿಣಕ್ಕೆ ತಿರುಗಿತು. ಮಂಜೇಶ್ವರ, ಕುಂಬಳೆಗಳವರಿಗೆ ಮಂಗಳೂರೇ ಹತ್ತಿರ. ಮಂಗಳೂರಿಗೆ ಹೋಗಿ ಬರುವಷ್ಟು ಕಾಲ ಕನ್ನಡ ಕಿವಿಗೆ ಬೀಳುತ್ತದೆ, ಬಸ್ಸಿನ ಫಲಕ ಓದಬೇಕಾಗುತ್ತದೆ, ಮಗಳನ್ನು ಅಲ್ಲಿನ ಕಾಲೇಜಿಗೆ ಸೇರಿಸುವ ಯೋಚನೆ ಬರುತ್ತದೆ. ವಿಮಾನ ನಿಲ್ದಾಣದ ಸ್ಥಳನಿರ್ಣಯವನ್ನು ಭಾಷೆಯ ಪ್ರಶ್ನೆಯಾಗಿ ಯಾರೂ ಎತ್ತಲಿಲ್ಲ. ಆದರೂ ಅದು ಭಾಷೆಯ ಪ್ರಶ್ನೆಯೂ ಹೌದು.

ಒಟ್ಟಿನಲ್ಲಿ, ಹೊರಡುವವನು ನಗರವನ್ನು ಆರಿಸಿಕೊಳ್ಳುತ್ತಾನೆ ಎಂಬ ಮಾತು ಭಾಗಶಃ ಮಾತ್ರ ನಿಜ. ಪರ್ಷಿಯದ ಸುಂಕದ ಕಟ್ಟೆ, ಬೊಂಬಾಯಿಯ ಹಡಗಿನ ವೇಳಾಪಟ್ಟಿ, ದೆಹಲಿಯ ಚಿನ್ನದ ಕಾನೂನು, ಖೋರ್‌ಫಕ್ಕಾನಿನ ಬಂಡೆ, ಎಂದೋ ಒಬ್ಬ ಚಿಕ್ಕಪ್ಪ ತೆರೆದ ಅಂಗಡಿ ಇವೆಲ್ಲ ಸೇರಿ ಆಯ್ಕೆಯನ್ನು ಮೊದಲೇ ಮಾಡಿಟ್ಟಿರುತ್ತವೆ. ಹೊರಡುವವನು ಅದನ್ನು ಪಿತ್ರಾರ್ಜಿತದಂತೆ ಪಡೆಯುತ್ತಾನೆ. ರಾಜ್ಯಗಳ ಎಲ್ಲೆಗಳನ್ನು ಆಯೋಗಗಳು ಎಳೆದವು, ಸಂಸತ್ತು ಅಂಗೀಕರಿಸಿತು. ಬದುಕಿನ ದಾರಿಗಳನ್ನು ಯಾವ ಆಯೋಗವೂ ಎಳೆಯಲಿಲ್ಲ. ಅವು ಬಳಕೆಯಿಂದ ಸವೆದು ಮೂಡಿದವು. 2020ರಲ್ಲಿ ತಲಪಾಡಿಯ ಒಳರಸ್ತೆಗಳ ಮಣ್ಣಿನ ದಿಬ್ಬಗಳು ಕೆಲವು ವಾರ ನಿಂತು ಅನಂತರ ಕರಗಿದವು. ಗಡಿಭಾಗದ ಕನ್ನಡದ ಇತಿಹಾಸವನ್ನು ಬರೆಯುವವರು ಆ ದಿಬ್ಬವನ್ನು ದಾಖಲಿಸುವಷ್ಟೇ ಶ್ರದ್ಧೆಯಿಂದ ನೈಫ್ ಪೇಟೆಯ ಮಹಡಿ ಕೋಣೆಗಳ ಲೆಕ್ಕವನ್ನೂ, ಅಲ್ಲಿ ರಾತ್ರಿ ಯಾವ ಮಾತು ಕೇಳಿಸುತ್ತದೆ ಎಂಬುದನ್ನೂ ಬರೆದಿಡಬೇಕಾಗಿದೆ. ಲಾಂಚಿನಲ್ಲಿ ಹೋದ ತಲೆಮಾರು ಈಗ ಊರಿಗೆ ಮರಳಿ ಮುಪ್ಪಿನಲ್ಲಿದೆ. ಅವರಲ್ಲಿ ಕೆಲವರಿಗೆ ಮೊದಲ ಅಕ್ಷರ ಕಲಿಸಿದ್ದು ಕನ್ನಡ ಶಾಲೆ.